ಅಂಟಿಸಿದ್ದನ್ನ ಬಿಡಿಸೋ ಕಥೆ: ಹಳೇ ಕಾರಿನಿಂದ ಕಿನ್ನಾಳದ ಗರುಡನವರೆಗೆ

ಇವತ್ತಿನ ಕಂತಿನ ವಿಷಯ ಅಂಟು. ಗೋಂದು, ಸರೇಸು, ಫೆವಿಕಾಲ್, ಅದೇ ಅಂಟು. ಇತಿಹಾಸದ ಪಾಡ್‌ಕಾಸ್ಟ್‌ನಲ್ಲಿ ಇದಕ್ಕೇನು ಕೆಲಸ ಅಂತ ಕೇಳಬಹುದು. ಸ್ವಲ್ಪ ತಡೀರಿ, ನಮ್ಮ ಕೊಪ್ಪಳ ಜಿಲ್ಲೆಯ ದೊಡ್ಡ ಕಥೆಯೊಂದು ಇದರೊಳಗೇ ಇದೆ.

ಮೊದಲು ಗ್ಯಾರೇಜಿಗೆ ಹೋಗೋಣ. ಹಳೇ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ ಕಾರನ್ನ ಬಿಚ್ಚಿ ಮತ್ತೆ ಮೊದಲಿನಂಗೆ ಮಾಡೋ ಕೆಲಸದಲ್ಲಿ ತಾಳ್ಮೆ ಕೆಡಿಸೋದು ಯಾವುದು? ಎಂಜಿನ್ ಅಂತ ಅಂದುಕೊಳ್ತೀವಿ. ಎಂಜಿನ್‌ಗೆ ಬಿಡಿಭಾಗ ಹುಡುಕಬಹುದು. ಆದರೆ ನೆಲದ ಮ್ಯಾಟ್ ಕಿತ್ತ ಮೇಲೆ ತಗಡಿಗೆ ಹಿಡಿದಿರೋ ಕಂದು ಬಣ್ಣದ ಹಕ್ಕಳೆ, ಬಾಗಿಲಿನ ರಬ್ಬರ್ ಬೀಡಿಂಗ್ ಹೋದರೂ ಹೋಗದ ಅಂಟು, ಛಾವಣಿ ಬಟ್ಟೆಯ ಹಿಂದಿನ ಗೋಂದು, ಇದನ್ನೆಲ್ಲ ಕೈಯಿಂದಲೇ ಬಿಡಿಸಬೇಕು, ಇಂಚು ಇಂಚಾಗಿ.

ಯಾಕೆ ಇಷ್ಟು ಹಠ? ಇಂಥ ಅಂಟು ಹೆಚ್ಚಾಗಿ ರಬ್ಬರಿನದು. ಹೊಸದಿದ್ದಾಗ ಮೆತ್ತಗೆ, ಎಳೆದರೆ ಬರುತ್ತೆ. ವರ್ಷಗಟ್ಟಲೆ ಬಿಸಿಲು, ಗಾಳಿ ಕುಡಿದ ಮೇಲೆ ರಬ್ಬರಿನ ಎಳೆಗಳು ಒಡೆಯುತ್ತವೆ, ಇಲ್ಲವೇ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಹಾಗಾಗಿ ಒಂದೇ ಕಾರಿನಲ್ಲಿ ಒಂದು ಕಡೆ ಅಂಟು ಜಿಗುಟು, ಇನ್ನೊಂದು ಕಡೆ ಕಲ್ಲು. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟೋ ಬಿಸಿಲಿಗೆ ನಿಂತ ಕಾರಿನ ಪಾಡು ಕೇಳಲೇಬೇಡಿ.

ಬಿಡಿಸೋ ಕ್ರಮ ಸರಳ. ಮೊದಲು ಹೇರ್ ಡ್ರೈಯರ್‌ನಿಂದ ಹದವಾಗಿ ಬಿಸಿ ಮಾಡಿ ಪ್ಲಾಸ್ಟಿಕ್ ಪಟ್ಟಿಯಿಂದ ಮೇಲೆತ್ತೋದು. ಪೂರ್ತಿ ಆರಿದ ಮೇಲೆ ಉಳಿದ ಜಿಗುಟಿಗೆ ಸೀಮೆಎಣ್ಣೆ ಅಥವಾ ಟರ್ಪೆಂಟೈನ್ ಹಚ್ಚಿದ ಬಟ್ಟೆ. ಬಿಸಿ ಮತ್ತು ಎಣ್ಣೆ ಎರಡನ್ನೂ ಒಟ್ಟಿಗೆ ತರಬಾರದು, ಬೆಂಕಿ ಹತ್ತುತ್ತೆ. ಥಿನ್ನರ್ ಹಾಕಿದರೆ ಅಂಟಿನ ಜೊತೆ ಪೇಂಟೂ ಹೋಗುತ್ತೆ. ಎಂ-ಸೀಲ್ ಥರದ ಎಪಾಕ್ಸಿ ಇದ್ದರೆ ಅದು ಕರಗೋದೇ ಇಲ್ಲ, ಬಿಸಿಗೆ ಸ್ವಲ್ಪ ಸಡಿಲವಾದಾಗ ಕೆರೆಯಬೇಕು, ಇಲ್ಲಾ ಉಜ್ಜಿ ತೆಗೆಯಬೇಕು. ಒಟ್ಟಿನಲ್ಲಿ, ಅಂಟು ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಆದಂಗೆ.

ಸುಲಭವಾಗಿ ಬಿಟ್ಟುಕೊಡೋ ಅಂಟು ಬೇಕು ಅನ್ನೋ ಯೋಚನೆಗೂ ಕಾರಿಗೂ ಹಳೇ ನಂಟು ಇದೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಎರಡು ಬಣ್ಣದ ಕಾರುಗಳ ಹುಚ್ಚು. ಒಂದು ಬಣ್ಣ ಹೊಡೆಯುವಾಗ ಇನ್ನೊಂದು ಭಾಗಕ್ಕೆ ಕಾಗದ ಅಂಟಿಸಿ ಮುಚ್ಚುತ್ತಿದ್ದರು. ಕಾಗದ ಕಿತ್ತರೆ ಹೊಸ ಪೇಂಟ್ ಕೂಡ ಕಿತ್ತು ಬರುತ್ತಿತ್ತು. ಉಜ್ಜುಕಾಗದ ಮಾಡ್ತಿದ್ದ 3ಎಂ ಕಂಪನಿಯ ರಿಚರ್ಡ್ ಡ್ರೂ ಅನ್ನೋ ಯುವಕ ಸೇಂಟ್ ಪಾಲ್ ನಗರದ ಗ್ಯಾರೇಜಿನಲ್ಲಿ ಪೇಂಟರ್‌ಗಳ ಈ ಗೋಳು ನೋಡಿದ. ಅದರಿಂದ 1925ರಲ್ಲಿ ಬಂದಿದ್ದು ಮಾಸ್ಕಿಂಗ್ ಟೇಪ್. ಬೇಕಾದಷ್ಟು ಹಿಡಿಯಬೇಕು, ಬೇಡ ಅಂದಾಗ ಬಿಡಬೇಕು. ಆ ಟೇಪಿನ ಹೆಚ್ಚುಗಾರಿಕೆ ಇಷ್ಟೇ.

ಈಗ ನಮ್ಮೂರಿಗೆ ಬರೋಣ. ಬ್ರಿಟಿಷರು ನಮ್ಮ ತೇರಿಗೂ ಇಂಗ್ಲಿಷಿನಲ್ಲಿ 'ಟೆಂಪಲ್ ಕಾರ್' ಅಂತಲೇ ಬರೆದರು. ಆ ಲೆಕ್ಕದಲ್ಲಿ ಕೊಪ್ಪಳ ತಾಲೂಕಿನ ಕಿನ್ನಾಳದ ಚಿತ್ರಗಾರರು ದೇವರ ವಾಹನದ ಕುಶಲಕರ್ಮಿಗಳು. ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳಲ್ಲಿ ಇವರ ಪೂರ್ವಿಕರ ಕೈ ಇತ್ತು ಅನ್ನೋ ಮಾತು ಪರಂಪರೆಯಿಂದ ಬಂದಿದೆ. ಗರುಡ, ಹನುಮಂತ, ಕಾಮಧೇನು, ಗೌರಿ ಗೊಂಬೆ, ಎಲ್ಲ ಇವರ ಕೈಯಲ್ಲಿ ಅರಳಿದವು. ಈ ಕಲೆಗೆ ಈಗ ಜಿಐ ಟ್ಯಾಗ್ ಕೂಡ ಇದೆ.

ಒಂದು ಕಿನ್ನಾಳ ಗರುಡನ ಬಣ್ಣದ ಕೆಳಗೆ ಏನಿದೆ ಅಂತ ನೋಡಿದರೆ ಅದು ಪೂರಾ ಅಂಟಿನ ಶಾಸ್ತ್ರ. ಹಗುರವಾದ ಪೊಲ್ಕಿ ಮರದ ತುಂಡುಗಳನ್ನ ಹುಣಸೆ ಬೀಜದ ಅಂಟಿನಿಂದ ಜೋಡಿಸ್ತಾರೆ. ಸೆಣಬಿನ ಚಿಂದಿಯನ್ನ ನೆನೆಸಿ, ಒಣಗಿಸಿ, ಪುಡಿ ಮಾಡಿ ಅದೇ ಹುಣಸೆ ಅಂಟಿನಲ್ಲಿ ಕಲಸಿದರೆ 'ಕಿಟ್ಟ' ಅನ್ನೋ ಲೇಪ. ಅದನ್ನ ಮೈತುಂಬ ಬಳಿದು, ಮೇಲೆ ಹತ್ತಿ ಬಟ್ಟೆಯ ಚೂರು ಅಂಟಿಸಿ, ಅದರ ಮೇಲೆ ಕಲ್ಲುಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ. ಆಭರಣದ ಉಬ್ಬು ಕೆಲಸಕ್ಕೂ ಕಲ್ಲುಪುಡಿ ಮತ್ತು ಗೋಂದು.

ಹುಣಸೆ ಬೀಜದ ಹಿಟ್ಟು ನೀರಿನಲ್ಲಿ ಉಬ್ಬಿ ಅಂಟಾಗುತ್ತೆ, ಒಣಗಿದರೆ ಬಿಗಿಯುತ್ತೆ, ಮತ್ತೆ ನೀರು ತಾಗಿದರೆ ಮೆತ್ತಗಾಗುತ್ತೆ. ಅಂದರೆ ಮುರಿದ ರೆಕ್ಕೆಯನ್ನ ಮಗನೋ ಮೊಮ್ಮಗನೋ ಹದವಾಗಿ ಬಿಡಿಸಿ, ಅದೇ ಅಂಟಿನಿಂದ ಮತ್ತೆ ಕೂರಿಸಬಹುದು. ಮರಗೆಲಸದ ಸರೇಸಿಗೂ ಇದೇ ಗುಣ. ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡೋ ಅದು ಬಿಸಿನೀರಿಗೆ ಕರಗುತ್ತೆ.

ಜಿಲ್ಲೆಯ ಉಳಿದ ಕಡೆಯೂ ಇದೇ ಬುದ್ಧಿ ಕಾಣುತ್ತೆ. ಕುಷ್ಟಗಿ ಕಡೆಯ ಇಳಕಲ್ ಸೀರೆ ಮಗ್ಗದಲ್ಲಿ ಹಾಸಿನ ನೂಲಿಗೆ ಗಂಜಿ ಹಾಕ್ತಾರೆ. ನೇಯುವಾಗ ಎಳೆ ಕಡಿಯದಂತೆ ಕಾಯೋದು ಅದರ ಕೆಲಸ, ಆಮೇಲೆ ನೀರಿಗೆ ಬಿದ್ದರೆ ಹೋಗುತ್ತೆ. ಹಳೇ ಯಲಬುರ್ಗಾ ತಾಲೂಕಿನ ಇಟಗಿಯಲ್ಲಿ, ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿಯಲ್ಲಂತೂ ಕಲ್ಲಿಗೆ ಕಲ್ಲು ಕೂಡಿಸೋಕೆ ಗಾರೆಯ ಹಂಗಿಲ್ಲ. ಹಾಗೆ ಕಟ್ಟಿದ ಗುಡಿ ವಾಲಿದರೆ ಕಲ್ಲಿಗೆ ನಂಬರ್ ಹಾಕಿ, ಇಳಿಸಿ, ಮತ್ತೆ ಏರಿಸಬಹುದು.

ಚಿತ್ರ ಬದಲಾಗಿದ್ದು ಸಿಂಥೆಟಿಕ್ ಅಂಟು ಬಂದ ಮೇಲೆ. 1959ರಲ್ಲಿ ಫೆವಿಕಾಲ್ ಮಾರುಕಟ್ಟೆಗೆ ಬಂತು. ಬಡಿಗೇರರಿಗೆ ಅದು ದೊಡ್ಡ ಉಪಕಾರ, ಇದನ್ನ ಮರೆಯಬಾರದು. ಸರೇಸು ಕಾಯಿಸೋ ಒಲೆ ಬೇಡ, ನಾತ ಬೇಡ, ಡಬ್ಬಿ ತೆಗೆದು ಹಚ್ಚಿದರೆ ಮುಗೀತು. ಹಿಂದೆಯೇ ಎಪಾಕ್ಸಿ, ಫೆವಿಕ್ವಿಕ್, ಎನಾಮಲ್ ಪೇಂಟ್ ಊರೂರಿಗೆ ಬಂದವು. ಜಾತ್ರೆ ಹತ್ತಿರ ಬಂದಾಗ ವಾಹನದ ಬಾಲ ಅಲ್ಲಾಡಿದರೆ ಚಿತ್ರಗಾರರನ್ನ ಕಾಯೋರು ಯಾರು? ಅಂಗಡಿಯಿಂದ ಒಂದು ಟ್ಯೂಬ್ ತಂದು ಅಂಟಿಸಿ, ಮೇಲೆ ಎನಾಮಲ್ ಬಳಿದರೆ ದೇವರು ಮೆರವಣಿಗೆಗೆ ಸಿದ್ಧ.

ತೊಂದರೆ ಗೊತ್ತಾಗೋದು ಮುಂದಿನ ರಿಪೇರಿಯಲ್ಲಿ. ಕಾರಿನ ಅಂಟು ತೆಗೆಯುವಾಗ ಕೆಳಗೆ ಇರೋದು ತಗಡು, ಅದು ಎಲ್ಲ ತಡ್ಕೊಳ್ಳುತ್ತೆ. ಗರುಡನ ಕೆಳಗೆ ಇರೋದು ಹುಣಸೆ ಅಂಟು, ಚಿಂದಿ, ಕಲ್ಲುಪುಡಿ. ಒಣಗಿದ ಫೆವಿಕಾಲ್ ನೀರಿಗೆ ಪೂರ್ತಿ ಕರಗಲ್ಲ, ರಬ್ಬರಿನಂತೆ ಮೆತ್ತಗಾಗುತ್ತೆ ಅಷ್ಟೇ. ಅಷ್ಟರಲ್ಲಿ ಆ ನೀರು ಕೆಳಗಿನ ಕಿಟ್ಟವನ್ನೇ ಕರಗಿಸಿರುತ್ತೆ. ಥಿನ್ನರ್ ಹಾಕಿದರೆ ಮೂಲ ಬಣ್ಣ ಹೋಗುತ್ತೆ. ಕೆರೆದರೆ ಗಟ್ಟಿ ಅಂಟಿನ ಜೊತೆ ಮೆತ್ತನೆಯ ಲೇಪ ಎದ್ದು ಬರುತ್ತೆ. ಮೇಲಿನ ಅಂಟು ಕೆಳಗಿನ ವಸ್ತುವಿಗಿಂತ ಗಟ್ಟಿಯಾದರೆ, ಮುಂದಿನ ಸಲ ಮುರಿಯೋದು ಅಂಟಲ್ಲ, ಪಕ್ಕದ ಮರ.

ಅದಕ್ಕೇ ಪ್ರಾಚೀನ ವಸ್ತುಗಳ ಸಂರಕ್ಷಣೆ ಮಾಡೋರು ಒಂದು ನಿಯಮ ಇಟ್ಟುಕೊಂಡಿದ್ದಾರೆ: ಇವತ್ತು ಮಾಡಿದ ರಿಪೇರಿಯನ್ನ ನಾಳೆ ಬಿಡಿಸೋ ಹಾಗಿರಬೇಕು. ಮ್ಯೂಸಿಯಂಗಳಲ್ಲಿ ಪ್ಯಾರಲಾಯ್ಡ್ ಬಿ-72 ಅನ್ನೋ ಅಕ್ರಿಲಿಕ್ ಅಂಟು ಇಷ್ಟೊಂದು ಬಳಕೆಯಾಗೋಕೆ ಒಂದು ಕಾರಣ, ವರ್ಷಗಳಾದ ಮೇಲೂ ಅದು ಅಸಿಟೋನ್‌ಗೆ ಕರಗುತ್ತೆ. ಕಿನ್ನಾಳದವರು ಹುಣಸೆ ಬೀಜದಲ್ಲಿ ಸಾಧಿಸಿದ್ದ ಗುಣಕ್ಕೆ ಇದು ಬಹಳ ದೂರ ಇಲ್ಲ.

ನಾನು ಓದಿದ್ದು ಕಾಮರ್ಸ್, ಹಾಗಾಗಿ ನನಗೆ ಲೆಕ್ಕದ ಪುಸ್ತಕ ನೆನಪಾಗುತ್ತೆ. ಅಲ್ಲಿ ತಪ್ಪು ಎಂಟ್ರಿಯನ್ನ ಕೆರೆದು ಅಳಿಸಂಗಿಲ್ಲ, ರಿವರ್ಸಲ್ ಎಂಟ್ರಿ ಹಾಕಬೇಕು. ಆಗ ಮೊದಲು ಏನಿತ್ತು, ಆಮೇಲೆ ಏನು ಮಾಡಿದರು, ಎರಡೂ ಆಡಿಟರ್‌ಗೆ ಕಾಣುತ್ತೆ. ಹಳೇ ವಸ್ತುವಿಗೂ ಮುಂದೆ ಒಬ್ಬ ಆಡಿಟರ್ ಬಂದೇ ಬರ್ತಾನೆ, ನಮ್ಮ ನಂತರ ಅದನ್ನ ರಿಪೇರಿ ಮಾಡೋನು. ಅವನಿಗೆ ದಾರಿ ಬಿಟ್ಟಿರಬೇಕು.

ಕೊನೆಗೆ ಒಂದು ಕೋರಿಕೆ. ನಿಮ್ಮ ಮನೆಯ ಜಗಲಿ ಮೇಲೆ, ಇಲ್ಲಾ ಊರ ಗುಡಿಯಲ್ಲಿ ಹಳೇ ಕಿನ್ನಾಳದ ಗೊಂಬೆಯೋ ವಾಹನವೋ ಇದ್ದರೆ, ಅದರ ಕೈ ಕಾಲು ಕಳಚಿದ್ದರೆ, ದಯವಿಟ್ಟು ಟ್ಯೂಬ್ ತರಬೇಡಿ. ಬಿದ್ದ ಚೂರನ್ನ ಬಟ್ಟೆಯಲ್ಲಿ ಸುತ್ತಿ ಒಣ ಜಾಗದಲ್ಲಿ ಇಡಿ. ಒದ್ದೆ ಬಟ್ಟೆಯಿಂದ ಒರೆಸಬೇಡಿ. ಕಿನ್ನಾಳ ಕೊಪ್ಪಳದಿಂದ ಬಹಳ ದೂರ ಏನಿಲ್ಲ, ಒಯ್ದು ಚಿತ್ರಗಾರರಿಗೆ ತೋರಿಸಿ. ಆ ಕೆಲಸ ಗೊತ್ತಿರೋ ಮನೆಗಳು ಈಗ ಕೆಲವೇ ಕೆಲವು. ನಿಮ್ಮ ಗರುಡ ರಿಪೇರಿಗೆ ಹೋದರೆ ಅವರ ಒಲೆ ಮೇಲೆ ಹುಣಸೆ ಬೀಜ ಇನ್ನೊಂದು ಸಲ ಬೇಯುತ್ತೆ.

ಮುಂದಿನ ಕಂತಿನಲ್ಲಿ ಸಿಗೋಣ ರೀ. ಶರಣು.