ಆಳು ಆಳುವ ಕಾಲ

ಕಮಲಾಪುರದ ಚಹಾದಂಗಡಿಯಲ್ಲಿ ಬೆಳಿಗ್ಗೆ ಆರೂವರೆಗೆ ಕೂತರೆ ಕಿವಿಗೆ ಪದೇಪದೇ ಬೀಳುವ ಮಾತು ‘ಆಳು’. ‘ಬಾಳಿ ತ್ವಾಟಕ್ಕ ಎಷ್ಟಾಳು ಹಚ್ಚೀರಿ?’ ‘ನನ್ನ ಹಿಡದು ಆರಾಳು.’ ‘ಹೆಣ್ಣಾಳು ಎಷ್ಟ್ರೀ?’ ವಿಜಯನಗರದ ಅರಸರ ಕಾಲದ ತುರ್ತು ಕಾಲುವೆಯ ನೀರು ಇಂದಿಗೂ ಇಲ್ಲಿನ ಬಾಳೆಗೂ ಕಬ್ಬಿಗೂ ಹರಿಯುತ್ತದೆ. ಅರಸರು ಆಳಿ ಹೋದರು. ಗದ್ದೆಗೆ ಇಳಿಯುವ ಆಳು ಉಳಿದ. ಆ ವಾಕ್ಯದ ಕ್ರಿಯಾಪದ, ಈ ವಾಕ್ಯದ ನಾಮಪದ, ಎರಡಕ್ಕೂ ಒಂದೇ ಉಚ್ಚಾರ. ಹೇಳಿದ್ದನ್ನು ಮಾಡುವವನೂ ಆಳು, ಮಾಡಿಸುವವನ ಕೆಲಸವೂ ಆಳು.

ಹಳಗನ್ನಡದಲ್ಲಿ ಎರಡೂ ‘ಆಳ್’. ನಾಮಪದಕ್ಕೆ ಮನುಷ್ಯ, ಸೇವಕ, ಸೈನಿಕ ಎಂಬ ಅರ್ಥಗಳು: ಕಾಲಾಳು, ಕೂಲಿಯಾಳು, ಆಳೆತ್ತರ. ಕ್ರಿಯಾಪದದಿಂದ ಒಡೆಯ ಎಂಬರ್ಥದ ‘ಆಳ್ದ’ ಬಂತು, ಆಳ್ವಿಕೆಯೂ ಬಂತು. (ಬಾವಿಯ ‘ಆಳ’ವನ್ನು ಇವುಗಳ ಜೊತೆ ಸೇರಿಸಬೇಡಿ. ಅದು ಹಿಂದೆ ‘ಆೞ’ ಆಗಿತ್ತು. ೞಕಾರ ಅಳಿದ ಮೇಲೆ ಈ ಮನೆಗೆ ಬಂದು ಸೇರಿದ ನೆಂಟ.)

ಹಾಗಾದರೆ ಆಳುವವನೂ ಆಳೂ ಒಂದೇ ಬೇರಿನ ಕೊಂಬೆಗಳೇ? ಹಾಗೆಂದುಬಿಡುವ ಆಸೆ ನನಗೂ ಇತ್ತು. ಅಡ್ಡಬಂದದ್ದು ತೆಲುಗು. ಆಳುವುದಕ್ಕೆ ತೆಲುಗಿನಲ್ಲಿ ‘ಏಲು’, ಅರಸನಿಗೆ ‘ಏಲಿಕ’. ನಮ್ಮ ಆನೆ ಅಲ್ಲಿ ಏನುಗು. ನದಿ ಎಂಬರ್ಥದ ತಮಿಳಿನ ‘ಆಱು’ ಅಲ್ಲಿ ಏರು. ಹಳೆಯ ತಮಿಳಿನಲ್ಲಿ ಇವೆರಡೂ ‘ಯಾ’ ಎಂದು ಶುರುವಾಗುತ್ತವೆ: ಯಾನೈ, ಯಾಱು. ಹಾಗಾಗಿ ಆಳುವ ‘ಆಳು’ವಿನ ತಲೆಯಲ್ಲೂ ಒಂದು ಯಕಾರ ಇದ್ದು ಸವೆದುಹೋಗಿರಬೇಕು, ದುಡಿಯುವ ‘ಆಳು’ವಿಗೆ ಆ ಗುರುತಿಲ್ಲ. ಬೇರೆಬೇರೆ ಊರಿನ ಇಬ್ಬರು ಕನ್ನಡಕ್ಕೆ ಬರುವಷ್ಟರಲ್ಲಿ ಒಂದೇ ವೇಷ ತೊಟ್ಟರು. ಬೇರು ಬೇರೆಯಾದರೇನು, ಕೇಳುವ ಕಿವಿಗೆ ಒಂದೇ. ‘ಆಳಾಗಬಲ್ಲವನು ಅರಸಾಗಬಲ್ಲ’ ಎಂಬ ಗಾದೆಯ ಹಿಂದೆಯೂ ಆ ಕಿವಿಯೇ ಇದೆ ಎಂದು ನನ್ನ ಗುಮಾನಿ.

ಈ ಒಂದೇ ವೇಷದಿಂದ ಹೆಚ್ಚು ಲಾಭ ಆಗಬೇಕಾದದ್ದು, ಸೇವಕರೇ ಆಳುವರು ಎನ್ನುವ ಕನ್ನಡ ಬೈಬಲಿಗೆ. ಇಲ್ಲಿಂದ ಬಳ್ಳಾರಿ ದೂರವಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿ ನೆಲೆಸಿ ಅನುವಾದಕ್ಕೆ ಕೂತರು; 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಯಿತು. ಲೋಕವು ಹೊಸದಾಗುವಾಗ ನಂಬಿದವರೇ ಕ್ರಿಸ್ತನ ಜೊತೆ ಕೂತು ಆಳುತ್ತಾರೆ, ನ್ಯಾಯ ತೀರಿಸುತ್ತಾರೆ ಎಂಬುದು ಕ್ರೈಸ್ತರ ಹಳೆಯ ನಂಬಿಕೆ. ಹನ್ನೆರಡು ಶಿಷ್ಯರಿಗೆ ಹನ್ನೆರಡು ಸಿಂಹಾಸನ ಎಂದು ಯೇಸುವಿನ ಮಾತು ಮತ್ತಾಯನ ಸುವಾರ್ತೆಯಲ್ಲಿದೆ. ಸಾಕ್ಷಿ ಹೇಳಿ ತಲೆ ಕೊಟ್ಟವರು ಎದ್ದು ಸಾವಿರ ವರ್ಷ ಆಳಿದರೆಂದು ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 20ನೆಯ ಅಧ್ಯಾಯ ಹೇಳುತ್ತದೆ. ಆ ಸಾವಿರ ವರ್ಷವನ್ನು ಅಕ್ಷರಶಃ ಎಣಿಸುವವರಿದ್ದಾರೆ. ಅದು ಕ್ರೈಸ್ತ ಸಭೆಯ ಈಗಿನ ಕಾಲವೇ ಎಂದ ಸಂತ ಅಗಸ್ಟೀನನ ದಾರಿಯವರೂ ಇದ್ದಾರೆ. ಆ ಜಗಳ ಅವರದು, ನನ್ನ ಕುತೂಹಲ ಪದದ್ದು.

ಲೂಕನ ಸುವಾರ್ತೆಯ 19ನೆಯ ಅಧ್ಯಾಯದ ಕಥೆ ನೋಡಿ. ಶ್ರೀಮಂತನೊಬ್ಬ ರಾಜ್ಯಾಧಿಕಾರ ಪಡೆದು ಬರಲು ದೂರದೇಶಕ್ಕೆ ಹೋಗುತ್ತಾನೆ. ಹೋಗುವಾಗ ಹತ್ತು ಆಳುಗಳನ್ನು ಕರೆದು, ವ್ಯಾಪಾರ ಮಾಡಿರೆಂದು ತಲೆಗೊಂದರಂತೆ ಸಮಸಮ ಹಣ ಕೊಡುತ್ತಾನೆ. ತಿರುಗಿ ಬಂದು ಲೆಕ್ಕ ಕೇಳಿದರೆ ಒಬ್ಬ ಹತ್ತು ಪಟ್ಟು ಮಾಡಿದ್ದಾನೆ, ಇನ್ನೊಬ್ಬ ಐದು ಪಟ್ಟು. ಮತ್ತೊಬ್ಬ ಬಟ್ಟೆಯಲ್ಲಿ ಗಂಟುಕಟ್ಟಿ ಇಟ್ಟಿದ್ದನ್ನೇ ಬಿಚ್ಚಿ ತೋರಿಸುತ್ತಾನೆ. ಹತ್ತು ಪಟ್ಟು ಮಾಡಿದವನಿಗೆ ಇನಾಮು ಬರೀ ಹಣವಲ್ಲ, ರಜೆಯೂ ಅಲ್ಲ: ಹತ್ತು ಊರುಗಳ ಅಧಿಕಾರ. ಐದು ಪಟ್ಟಿನವನಿಗೆ ಐದು ಊರು. ಆಳಾಗಿ ದುಡಿ, ಅರಸಾಗಿ ಉಣ್ಣು ಎನ್ನುತ್ತೇವೆ ನಾವು. ಈ ಕಥೆಯಲ್ಲಿ ಅರಸಾದ ಮೇಲೂ ದುಡಿತ ತಪ್ಪಿದ್ದಲ್ಲ.

ಆಳಿನ ಇನಾಮಿನ ಬೇರೊಂದು ಚಿತ್ರವೂ ಇಲ್ಲೇ ಇದೆ: ಕಮಲಾಪುರದ ಪುರಾತತ್ವ ಮ್ಯೂಸಿಯಮ್ಮಿನಲ್ಲಿ ವೀರಗಲ್ಲುಗಳಿವೆ. ಅವುಗಳ ರೂಢಿಯ ಚೌಕಟ್ಟು ಮೂರು ಅಂತಸ್ತಿನದು. ಕೆಳಗೆ ಹೋರಾಟ, ನಡುವೆ ಸತ್ತವನನ್ನು ಆಚೀಚೆ ಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು, ತುದಿಯಲ್ಲಿ ಲಿಂಗ, ಅದರ ಪಕ್ಕ ಕೂತ ವೀರ. ಆಳ್ದನ ಜೋಳ ತಿಂದ ಋಣ ತೀರಿಸಿ ಸತ್ತವನು ಇವನು. ಜೋಳವಾಳಿ ಎಂದು ಶಾಸನಗಳು ಕರೆಯುವುದು ಇದನ್ನೇ. ಆ ಮೇಲಿನ ಅಂತಸ್ತನ್ನು ನಾನು ಹತ್ತಿರ ಬಾಗಿ ನೋಡಿದ್ದೇನೆ. ವೀರನ ಕೈಯಲ್ಲಿ ಈಗ ಕತ್ತಿಯಿಲ್ಲ, ಮಾಡಲು ಕೆಲಸವೂ ಇಲ್ಲ. ಅವನಿಗೆ ಸ್ವರ್ಗ ಸಿಕ್ಕಿತು, ಊರು ಸಿಗಲಿಲ್ಲ. ಲೂಕನ ಆಳಿಗೂ ಕಲ್ಲಿನ ಈ ಆಳಿಗೂ ಅಷ್ಟು ಅಂತರ.

ಇನ್ನು ನ್ಯಾಯ ತೀರಿಸುವ ಮಾತನ್ನು ಅಪೊಸ್ತಲ ಪೌಲ ಎತ್ತಿದ್ದು ಬಯ್ಯುವ ಸಂದರ್ಭದಲ್ಲಿ. ಕೊರಿಂಥದ ವಿಶ್ವಾಸಿಗಳು ತಮ್ಮತಮ್ಮ ತಕರಾರುಗಳಿಗೆ ಹೊರಗಿನವರ ಕೋರ್ಟು ಹತ್ತಿದ್ದರು. ನಾಳೆ ಲೋಕಕ್ಕೇ, ದೇವದೂತರಿಗೂ ತೀರ್ಪು ಹೇಳಬೇಕಾದವರು ನೀವು, ಇಷ್ಟು ಸಣ್ಣದು ನಿಮ್ಮ ಕೈಲಿ ತೀರುವುದಿಲ್ಲವೇ ಎಂಬುದು ಅವನ ಸಿಟ್ಟು. ನಮ್ಮ ‘ತೀರ್ಪು’ ಹುಟ್ಟಿದ್ದೂ ‘ತೀರು’ವಿನಿಂದಲೇ: ಮುಗಿಯುವುದು. ಕಟ್ಟೆಯ ಮೇಲೆ ಕೂತ ಹಿರಿಯರು ಕೊನೆಗೆ ಕೇಳುವುದು ‘ತೀರಿತಲ್ಲ?’ ಎಂದು.

ಪ್ರಕಟನೆಯ ಕೊನೆಯ ಅಧ್ಯಾಯಕ್ಕೆ ಬಂದಾಗ ನನಗೊಂದು ತಕರಾರು. ದೇವರ ಸೇವಕರು ಆತನ ಮುಖ ಕಾಣುವರು, ಯುಗಯುಗಕ್ಕೂ ಆಳುವರು ಎಂಬ ಅರ್ಥದ ಮಾತು ಅಲ್ಲಿದೆ. ಗ್ರೀಕಿನಲ್ಲಿ ಸೇವಕನ ಪದಕ್ಕೂ ಆಳುವ ಪದಕ್ಕೂ ಸದ್ದಿನ ನಂಟಿಲ್ಲ. ಕನ್ನಡದಲ್ಲಿ ಇತ್ತು, ‘ಆಳುಗಳು ಆಳುವರು’ ಎನ್ನಬಹುದಿತ್ತು. ಲೂಕನಲ್ಲಿ ಧಾರಾಳವಾಗಿ ‘ಆಳು’ ಎಂದ ಕನ್ನಡ ಬೈಬಲು ಇಲ್ಲಿ ‘ದಾಸರು’ ಎನ್ನುತ್ತದೆ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎಂದು ಬಹಳ ದಿನ ಪೇಚಾಡಿದೆ.

ಈಗ ಅಷ್ಟು ಖಾತ್ರಿಯಿಲ್ಲ. ಹಂಪಿಯ ವಿಠಲ ಗುಡಿಯ ಹತ್ತಿರ, ಹೊಳೆದಂಡೆಯಲ್ಲಿ ಪುರಂದರದಾಸರ ಮಂಟಪವಿದೆ. ಅವರಂಥವರು ಹೆಸರಿನ ಜೊತೆ ಇಟ್ಟುಕೊಂಡ ಮೇಲೆ ‘ದಾಸ’ ಬೈಗುಳವಾಗಲು ಸಾಧ್ಯವಿಲ್ಲ. ‘ಆಳು’ವಿಗೆ ಆ ಭಾಗ್ಯ ಬರಲಿಲ್ಲ, ಹೆಸರು ಹಿಡಿದು ಕರೆಯಲು ಮನಸ್ಸಿಲ್ಲದಾಗ ಬಾಯಿಗೆ ಬರುವ ಪದ ಅದು. ವಾರವಿಡೀ ‘ಏ ಆಳು, ಬಾ ಇಲ್ಲಿ’ ಎಂದು ಕರೆಸಿಕೊಂಡವಳು ಭಾನುವಾರ ಸೆರಗು ಹೊದ್ದು ಸಭೆಯಲ್ಲಿ ಕೂತಾಗ, ಲೋಕವೇ ಹೊಸದಾದ ಮೇಲಿನ ಆ ವಾಕ್ಯದಲ್ಲೂ ಅವಳನ್ನು ಆಳು ಎಂದೇ ಕರೆಯಬೇಕಿತ್ತೇ?