ಮುಂದಿನ ಸಸ್ಪೆನ್ಷನ್‌ನ ಬಿಡಿಭಾಗ ಬದಲಾದರೆ ಕಾರಿನ ಎತ್ತರ ಏನಾಗುತ್ತದೆ?

ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದಂತೆ ರಸ್ತೆಯ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರವಿದ್ದು ನಯವಾಗಿ ಏರಿ ಇಳಿಯಬೇಕು. ನಮ್ಮ ಬೀದಿಗಳಲ್ಲಿ ಎದುರಾಗುವ ಎಷ್ಟೋ ಹಂಪ್‌ಗಳು ಇದಕ್ಕಿಂತ ಕಿರಿದು, ಕಡಿದು. ತಳ ಬಡಿಸಿಕೊಂಡ ಕಾರಿನವರು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಗೆ ಹೋಗಿ ಮುಂಭಾಗವನ್ನು ಎತ್ತರಿಸುವ ದಾರಿ ಕೇಳುತ್ತಾರೆ. ಕಾರು ರಸ್ತೆಗೆ ಅಂಟಿದಂತೆ ಕಾಣಬೇಕೆಂದು ತಗ್ಗಿಸುವವರೂ ಇದ್ದಾರೆ. ಇವರಿಬ್ಬರಿಗಿಂತ ಹೆಚ್ಚು ತೊಂದರೆಗೆ ಸಿಲುಕುವವರು ಎತ್ತರದ ಯೋಚನೆಯೇ ಇಲ್ಲದೆ ಹಳೆಯ ಶಾಕ್ ಅಥವಾ ಚಕ್ರವನ್ನು ಬಾಡಿಗೆ ಜೋಡಿಸುವ ಲೋಯರ್ ಆರ್ಮ್ ಬದಲಿಸಿದವರು. ಕೆಲಸ ಮುಗಿದ ಮೇಲೆ ನೋಡಿದರೆ ಕಾರು ಮೂತಿ ಎತ್ತಿಕೊಂಡು ನಿಂತಿರುತ್ತದೆ, ಇಲ್ಲವೇ ಒಂದು ಪಕ್ಕಕ್ಕೆ ವಾಲಿರುತ್ತದೆ.

ಎರಡು ಬೇರೆ ಎತ್ತರಗಳು

ಗ್ರೌಂಡ್ ಕ್ಲಿಯರೆನ್ಸ್ ಎಂದರೆ ನೆಲಕ್ಕೂ ಕಾರಿನ ತಳದ ಅತಿ ತಗ್ಗಿನ ಭಾಗಕ್ಕೂ ನಡುವಿನ ಅಂತರ. ರೈಡ್ ಹೈಟ್ ಎಂದರೆ ಚಕ್ರಗಳ ಮೇಲೆ ಬಾಡಿ ಎಷ್ಟು ಎತ್ತರದಲ್ಲಿ ನಿಂತಿದೆ ಎನ್ನುವುದು. ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದರೆ ಅದು ಸಿಗುತ್ತದೆ. ಟೈರ್ ಬದಲಾದರೆ ಮೊದಲನೆಯದು ಮಾತ್ರ ಬದಲಾಗುತ್ತದೆ: 185/65 ಆರ್15 ಟೈರಿನ ಜಾಗಕ್ಕೆ 195/65 ಆರ್15 ಬಂದರೆ ಕಾರು ಸುಮಾರು 6.5 ಮಿ.ಮೀ. ಏರುತ್ತದೆ, ಸಸ್ಪೆನ್ಷನ್‌ಗೆ ಅದರ ಅರಿವೇ ಇರುವುದಿಲ್ಲ. ಇಲ್ಲಿನ ವಿಷಯ ಎರಡನೆಯದು.

ಭಾರ ಹೊರುವ ಸ್ಪ್ರಿಂಗ್

ನಿಂತ ಕಾರಿನ ಭಾರದ ಬಹುಪಾಲನ್ನು ಹೊರುವುದು ಸ್ಪ್ರಿಂಗ್. ಆದ್ದರಿಂದ ಯಾವ ಭಾಗ ಬದಲಿಸಿದರೂ ಕೇಳಬೇಕಾದ ಪ್ರಶ್ನೆ ಇಷ್ಟೇ: ಇದು ಸ್ಪ್ರಿಂಗಿನ ಬಲವನ್ನು ಬದಲಿಸಿತೇ ಇಲ್ಲವೇ ಅದಕ್ಕೆ ಬೇರೆ ಬಲ ಸೇರಿಸಿತೇ, ಸ್ಪ್ರಿಂಗ್ ಕೂರುವ ಜಾಗವನ್ನು ಸರಿಸಿತೇ, ಅಥವಾ ಚಕ್ರವನ್ನೇ ಆರ್ಮ್‌ಗಳಿಗೆ ಹೋಲಿಸಿ ಮೇಲೆ ಕೆಳಗೆ ಮಾಡಿತೇ? ಮೂರರಲ್ಲಿ ಯಾವುದೂ ಆಗದಿದ್ದರೆ ಎತ್ತರ ಬದಲಾಗಲು ಕಾರಣವಿಲ್ಲ.

ಲೆಕ್ಕಕ್ಕೆ ಒಂದು ಸಣ್ಣ ಹ್ಯಾಚ್‌ಬ್ಯಾಕ್ ಇಟ್ಟುಕೊಳ್ಳೋಣ. ಮುಂದಿನ ಒಂದೊಂದು ಸ್ಪ್ರಿಂಗಿನ ಮೇಲೂ 250 ಕೆ.ಜಿ. ಭಾರ, ಸ್ಪ್ರಿಂಗಿನ ಗಡಸುತನ ಮಿಲಿಮೀಟರಿಗೆ 2 ಕೆ.ಜಿ. ಎಂದಾದರೆ ಅದು 125 ಮಿ.ಮೀ. ಕುಗ್ಗಿ ನಿಲ್ಲುತ್ತದೆ. ಅಷ್ಟೇ ಉದ್ದದ, ಮಿಲಿಮೀಟರಿಗೆ 2.5 ಕೆ.ಜಿ. ಗಡಸಿನ ಸ್ಪ್ರಿಂಗ್ ಹಾಕಿದರೆ ಕುಗ್ಗುವುದು 100 ಮಿ.ಮೀ. ಮಾತ್ರ. ಕಾರು 25 ಮಿ.ಮೀ. ಮೇಲೇಳುತ್ತದೆ. ಕಾರನ್ನು ತಗ್ಗಿಸಲೆಂದು ಮಾರುವ ಗಡಸು ಸ್ಪ್ರಿಂಗ್‌ಗಳು ಮೂಲ ಸ್ಪ್ರಿಂಗಿಗಿಂತ ಸಾಕಷ್ಟು ಗಿಡ್ಡವಾಗಿರುವುದು ಇದಕ್ಕೇ. ಒಂದೇ ಮಾಡೆಲಿನ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳ ಸ್ಪ್ರಿಂಗ್‌ಗಳು ಬೇರೆಯಾಗಿರುವುದಕ್ಕೂ ಇದೇ ಲೆಕ್ಕ ಕಾರಣ. ಭಾರದ ಡೀಸೆಲ್ ಎಂಜಿನ್ನಿಗೆ ಮಾಡಿದ ಸ್ಪ್ರಿಂಗ್ ಪೆಟ್ರೋಲ್ ಕಾರಿಗೆ ಬಂದರೆ ಮುಂಭಾಗ ಎದ್ದು ನಿಲ್ಲುತ್ತದೆ. ಅಂಗಡಿಯವರು ‘ಎರಡಕ್ಕೂ ಒಂದೇ ಸಾರ್’ ಎಂದರೆ ಪಾರ್ಟ್ ನಂಬರ್ ನೋಡದೆ ಕೊಳ್ಳಬಾರದು.

ಕತ್ತರಿಸಿದ ಕಾಯಿಲ್, ತುರುಕಿದ ಬಫರ್

ಕೆಲಸ ಮಾಡುವ ಆರು ಸುತ್ತುಗಳಿರುವ, ಅದೇ ಹ್ಯಾಚ್‌ಬ್ಯಾಕ್‌ನ ಮೂಲ ಸ್ಪ್ರಿಂಗಿನಲ್ಲಿ ಒಂದು ಸುತ್ತನ್ನು ಕತ್ತರಿಸಿದರೆ ಗಡಸುತನ ಐದನೇ ಒಂದು ಪಾಲು ಹೆಚ್ಚಿ 2.4ಕ್ಕೆ ಏರುತ್ತದೆ. ಕತ್ತರಿಸಿದ ಸುತ್ತಿನ ಅಂತರ 50 ಮಿ.ಮೀ. ಇದ್ದರೂ, ಉಳಿದದ್ದು ಮೊದಲಿಗಿಂತ 21 ಮಿ.ಮೀ. ಕಡಿಮೆ ಕುಗ್ಗುವುದರಿಂದ ಕಾರು ಇಳಿಯುವುದು 29 ಮಿ.ಮೀ. ಮಾತ್ರ. ಇಷ್ಟಕ್ಕೆ ಸಮಾಧಾನವಾಗದೆ ಇನ್ನರ್ಧ ಸುತ್ತು ಕತ್ತರಿಸುವವರಿದ್ದಾರೆ. ಅಪಾಯ ಶುರುವಾಗುವುದು ಅಲ್ಲೇ. ಚಕ್ರ ಗುಂಡಿಗೆ ಇಳಿದು ಪೂರ್ತಿ ಜೋತಾಗ ಗಿಡ್ಡ ಸ್ಪ್ರಿಂಗ್ ತನ್ನ ತಟ್ಟೆಯಿಂದ ಸಡಿಲಾಗಬಹುದು, ಸರಿದು ಕೂರಬಹುದು. ಗ್ಯಾಸ್ ಕಟರ್‌ನ ಶಾಖ ತಾಗಿದ ಕಡೆ ಉಕ್ಕಿನ ಹದವೂ ಕೆಡುತ್ತದೆ. ಯಾವ ಕಾರಿಗೂ ಇದನ್ನು ಮಾಡಬಾರದು.

ಕಾಯಿಲ್‌ಗಳ ನಡುವೆ ತುರುಕುವ ರಬ್ಬರ್ ಬಫರ್ ಇದರ ಇನ್ನೊಂದು ಮುಖ. ಅದು ಒಂದು ಸುತ್ತನ್ನು ಹೆಚ್ಚುಕಡಿಮೆ ಕಟ್ಟಿಹಾಕುತ್ತದೆ. ಆ ಸುತ್ತು ಕುಗ್ಗುವಂತಿಲ್ಲ, ಆದ್ದರಿಂದ ಕಾರು ಏರುತ್ತದೆ. ಉಳಿದ ಸುತ್ತುಗಳ ಮೇಲೆ ಹೆಚ್ಚಿನ ಕೆಲಸ ಬೀಳುತ್ತದೆ, ಸವಾರಿ ಗಡಸಾಗುತ್ತದೆ.

ಸ್ಟ್ರಟ್ ಇರುವ ಕಾರುಗಳು

ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಸ್ಟ್ರಟ್ 1950ರ ಬ್ರಿಟಿಷ್ ಫೋರ್ಡ್ ಕಾನ್ಸಲ್ ಮತ್ತು ಜೆಫಿರ್ ಕಾರುಗಳಿಂದ ಮನೆಮಾತಾಯಿತು. ನಮ್ಮಲ್ಲಿ 1983ರ ಮಾರುತಿ 800ರಿಂದ ಹಿಡಿದು ಇಂದಿನ ಬಹುತೇಕ ಸಣ್ಣ ಕಾರುಗಳ ಮುಂಭಾಗದಲ್ಲಿರುವುದು ಅದೇ ವ್ಯವಸ್ಥೆ. ಶಾಕ್ ಮತ್ತು ಸ್ಪ್ರಿಂಗ್ ಒಂದೇ ಕಂಬವಾಗಿ, ತುದಿ ಬಾಡಿಗೆ, ಬುಡ ಚಕ್ರವನ್ನು ಹಿಡಿದಿರುವ ನಕಲ್‌ಗೆ ಬಿಗಿದಿರುತ್ತದೆ. ಸ್ಪ್ರಿಂಗ್ ಚಕ್ರಕ್ಕೆ ಅಷ್ಟು ಹತ್ತಿರವಿರುವುದರಿಂದ ಅಲ್ಲಿ ಆದ ಮಿಲಿಮೀಟರ್ ಬದಲಾವಣೆ ಹೆಚ್ಚುಕಡಿಮೆ ಹಾಗೆಯೇ ಎತ್ತರದಲ್ಲಿ ಕಾಣುತ್ತದೆ.

ಹೀಗಾಗಿ ಇಲ್ಲಿ ನಿರ್ಣಾಯಕವಾದದ್ದು ಸ್ಟ್ರಟ್ ಕೊಳವೆಗೆ ಬೆಸೆದಿರುವ ಸ್ಪ್ರಿಂಗ್ ತಟ್ಟೆ. ಬೇರೆ ತಯಾರಕರ ಸ್ಟ್ರಟ್‌ನಲ್ಲಿ ಆ ತಟ್ಟೆ 10 ಮಿ.ಮೀ. ಮೇಲಿದ್ದರೆ ಕಾರು ಸುಮಾರು ಅಷ್ಟೇ ಮೇಲಿರುತ್ತದೆ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ನಿಲ್ಲಿಸಿ, ನಕಲ್ ಬೋಲ್ಟಿನ ತೂತಿನಿಂದ ತಟ್ಟೆಯವರೆಗೆ ಅಳೆದರೆ ಗೊತ್ತಾಗಿಬಿಡುವ ವಿಷಯ ಇದು. ಎರಡು ನಿಮಿಷದ ಈ ಅಳತೆಯನ್ನು ಮಾಡದೆ ಬಿಗಿದು, ಆಮೇಲೆ ಇಡೀ ಸ್ಟ್ರಟ್ ಮತ್ತೆ ಇಳಿಸುವ ಪಾಡು ಗ್ಯಾರೇಜುಗಳಲ್ಲಿ ಹೊಸದಲ್ಲ. ತುದಿಯ ಮೌಂಟ್ ರಬ್ಬರೂ ಲೆಕ್ಕಕ್ಕೆ ಬರುತ್ತದೆ: ವರ್ಷಗಳ ಭಾರಕ್ಕೆ ಕುಸಿದ ಮೌಂಟ್ ತೆಗೆದು ಹೊಸದು ಹಾಕಿದರೆ ಕಾರು ಕೆಲವು ಮಿಲಿಮೀಟರ್ ಏರುವುದು ಸಹಜ.

ಕಾರನ್ನು ಎತ್ತರಿಸಲೆಂದು ನಡುವೆ ಇಡುವ ಬಿಲ್ಲೆ, ಅಂದರೆ ಸ್ಪೇಸರ್, ಎಲ್ಲಿ ಕೂರುತ್ತದೆ ಎನ್ನುವುದೂ ಮುಖ್ಯ. ಸ್ಪ್ರಿಂಗ್ ಮತ್ತು ತಟ್ಟೆಯ ನಡುವೆ ಇಟ್ಟರೆ ಶಾಕ್‌ನ ಒಟ್ಟು ಉದ್ದ ಬದಲಾಗುವುದಿಲ್ಲ. ಕಾರು ಏರಿದಷ್ಟೂ ಚಕ್ರ ಕೆಳಗಿಳಿಯಲು ಇರುವ ಜಾಗ ಕಡಿಮೆಯಾಗುತ್ತದೆ. ಮೌಂಟ್ ಮತ್ತು ಬಾಡಿಯ ನಡುವೆ ಇಟ್ಟರೆ ಇಡೀ ಸ್ಟ್ರಟ್ ಕೆಳಗೆ ಸರಿಯುತ್ತದೆ. ಆಗ ಗುಂಡಿಯಲ್ಲಿ ಚಕ್ರ ಮೊದಲಿಗಿಂತ ಕೆಳಕ್ಕೆ ಜೋಲುತ್ತದೆ, ಡ್ರೈವ್ ಶಾಫ್ಟ್ ಮತ್ತು ಬಾಲ್ ಜಾಯಿಂಟ್ ತಮ್ಮ ಕೋನದ ಮಿತಿಯನ್ನು ಮುಟ್ಟುತ್ತವೆ.

ಶಾಕ್ ಮಾತ್ರ ಬದಲಿಸಿದರೂ ಏರುವುದೇಕೆ?

ಬರೀ ಎಣ್ಣೆಯ ಶಾಕ್ ಚಲನೆಯನ್ನು ತಡೆಯುತ್ತದೆಯೇ ಹೊರತು ಭಾರ ಹೊರುವುದಿಲ್ಲ. ಗ್ಯಾಸ್ ತುಂಬಿದ ಶಾಕ್ ಹಾಗಲ್ಲ. ಒಳಗಿನ ಒತ್ತಡ ರಾಡನ್ನು ಸದಾ ಹೊರಕ್ಕೆ ದೂಡುತ್ತಿರುತ್ತದೆ. 22 ಮಿ.ಮೀ. ದಪ್ಪದ ರಾಡ್‌ನ ಅಡ್ಡಕೊಯ್ತ 3.8 ಚದರ ಸೆಂ.ಮೀ.; ಒತ್ತಡ ಚದರ ಸೆಂಟಿಮೀಟರಿಗೆ 5 ಕೆ.ಜಿ. ಇದ್ದರೆ 19 ಕೆ.ಜಿ. ಬಲ ಸಿಗುತ್ತದೆ. ನಮ್ಮ ಹ್ಯಾಚ್‌ಬ್ಯಾಕ್‌ನಲ್ಲಿ ಅದು 9 ಮಿ.ಮೀ.ಗೂ ಮಿಕ್ಕಿದ ಏರಿಕೆ. ಒಂದು ಪಕ್ಕಕ್ಕೆ ಗ್ಯಾಸ್, ಇನ್ನೊಂದಕ್ಕೆ ಎಣ್ಣೆಯ ಶಾಕ್ ಹಾಕಿದರೆ ಕಾರು ವಾಲುವುದು ಹೀಗೆ. ಶಾಕ್‌ಗಳನ್ನು ಜೋಡಿಯಾಗಿಯೇ ಬದಲಿಸಬೇಕೆನ್ನಲು ಇದೂ ಒಂದು ಕಾರಣ.

ಎರಡು ಆರ್ಮ್‌ಗಳ ಮುಂಭಾಗ

ಮೇಲೊಂದು ಕೆಳಗೊಂದು ಆರ್ಮ್ ಇರುವ ಡಬಲ್ ವಿಷ್‌ಬೋನ್‌ನಲ್ಲಿ ಸ್ಪ್ರಿಂಗ್ ಚಕ್ರದಿಂದ ಒಳಗೆ, ಆರ್ಮ್‌ನ ನಡುವೆಲ್ಲೋ ಕೂರುತ್ತದೆ. ಆರ್ಮ್ ಬಾಡಿಗೆ ಸೇರುವ ಒಳಗಿನ ಬುಷ್‌ನಿಂದ ಚಕ್ರದವರೆಗಿನ ದೂರದ ನೂರಕ್ಕೆ 60ರಷ್ಟರಲ್ಲಿ ಅದು ಕೂತಿದ್ದರೆ 15 ಮಿ.ಮೀ. ಸ್ಪೇಸರ್ ಚಕ್ರದ ಬಳಿ 25 ಮಿ.ಮೀ. ಆಗುತ್ತದೆ. ಸ್ಪ್ರಿಂಗ್ ಕೂರುವ ಗುಳಿ ತುಸು ಆಳವಿರುವ ಆಫ್ಟರ್‌ಮಾರ್ಕೆಟ್ ಆರ್ಮ್ ಹಾಕಿದರೂ ಇದೇ ಗುಣಾಕಾರ, ಇಳಿಕೆಯ ಕಡೆಗೆ.

ಸ್ಪ್ರಿಂಗನ್ನು ಮುಟ್ಟದೆಯೂ ಎತ್ತರ ಬದಲಿಸಬಹುದು. ಅಮೆರಿಕದ ಹಳೆಯ ಕಾರು, ಪಿಕಪ್‌ಗಳಿಗೆ ಸಿಗುವ ಡ್ರಾಪ್ ಸ್ಪಿಂಡಲ್‌ನಲ್ಲಿ ಚಕ್ರದ ಆಕ್ಸಲ್ ಮೂಲಕ್ಕಿಂತ ಮೇಲೆ ಬೆಸೆದಿರುತ್ತದೆ. ಅದು 2 ಇಂಚು ಮೇಲಿದ್ದರೆ ಕಾರು 2 ಇಂಚು ಇಳಿಯುತ್ತದೆ, ಆರ್ಮ್‌ಗಳ ಕೋನ ಮೊದಲಿನಂತೆಯೇ ಉಳಿಯುತ್ತದೆ. ತಗ್ಗಿಸುವ ದಾರಿಗಳಲ್ಲಿ ನನಗೆ ಅತ್ಯಂತ ಮರ್ಯಾದಸ್ಥವಾಗಿ ಕಾಣುವುದು ಇದೇ. 1965ರ ಶೆಲ್ಬಿ ಜಿಟಿ350 ಮಸ್ಟಾಂಗ್‌ನದು ಮತ್ತೊಂದು ಬಗೆ: ಸ್ಪ್ರಿಂಗ್ ಮೇಲಿನ ಆರ್ಮ್ ಮೇಲೆ ಕೂತಿದ್ದ ಆ ಕಾರಿನಲ್ಲಿ, ಆರ್ಮ್‌ನ ಒಳತುದಿಯ ತೂತುಗಳನ್ನೇ ಒಂದು ಇಂಚು ಕೆಳಗೆ ಕೊರೆದರು. ಮುಂಭಾಗ ತುಸು ತಗ್ಗಿತು. ತಿರುವಿನಲ್ಲಿ ಚಕ್ರ ವಾಲುವ ಕೋನ ಸುಧಾರಿಸಿತು. ಶೆಲ್ಬಿಯವರಿಗೆ ಬೇಕಿದ್ದದ್ದು ಈ ಎರಡನೆಯದು.

ಟಾರ್ಷನ್ ಬಾರ್

ಹಿಂದೂಸ್ತಾನ್ ಅಂಬಾಸಡರ್‌ನ ಮುಂಭಾಗವನ್ನು ಹೊತ್ತದ್ದು ಟಾರ್ಷನ್ ಬಾರ್, ಅಂದರೆ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುವ ಉದ್ದನೆಯ ಉಕ್ಕಿನ ಕಂಬಿ. 2010ರ ಮಹೀಂದ್ರಾ ಥಾರ್ ಸಿಆರ್‌ಡಿಇಯಲ್ಲೂ ಅದೇ ಇತ್ತು; 2020ರ ಥಾರ್ ಕಾಯಿಲ್ ಸ್ಪ್ರಿಂಗಿಗೆ ಬಂತು. ಹಳೆಯ ಥಾರ್‌ನಂಥ ಗಾಡಿಯಲ್ಲಿ ಅಡ್ಜಸ್ಟ್ ಬೋಲ್ಟ್ ತಿರುಗಿಸಿದರೆ ಮುಂಭಾಗ ಏರುತ್ತದೆ. ಕಂಬಿಯ ಗಡಸುತನ ಮಾತ್ರ ಬದಲಾಗುವುದಿಲ್ಲ. ‘ಟೈಟ್ ಮಾಡಿದ ಮೇಲೆ ಗಡಸಾಯಿತು’ ಎನ್ನುವ ದೂರಿಗೆ ಬೇರೆಯೇ ಕಾರಣವಿದೆ: ಆರ್ಮ್ ಈಗ ಕೆಳಗಿನ ಮಿತಿಗೆ ಹತ್ತಿರ ನಿಂತಿದೆ, ಸಣ್ಣ ಗುಂಡಿಗೂ ಚಕ್ರ ಜೋತು ಸ್ಟಾಪರ್‌ಗೆ ಬಡಿಯುತ್ತಿದೆ.

ಗಾಳಿಯಲ್ಲಿ ಬಿಗಿದ ಬುಷ್

ಸ್ಟ್ರಟ್ ಇರುವ ಕಾರಿನಲ್ಲಿ ಲೋಯರ್ ಆರ್ಮ್ ಭಾರ ಹೊರುವುದಿಲ್ಲ. ಆದರೂ ಅದನ್ನು ಬದಲಿಸಿದ ಮೇಲೆ ಕಾರು ಎತ್ತರ ಕಂಡಿತು ಎಂದರೆ ಬುಷ್ ನೋಡಬೇಕು. ಬುಷ್‌ನ ಒಳಗಿನ ಲೋಹದ ಕೊಳವೆಗೆ ರಬ್ಬರ್ ಅಂಟಿಕೊಂಡೇ ಇರುತ್ತದೆ; ಆರ್ಮ್ ಆಡುವಾಗ ರಬ್ಬರ್ ತಿರುಚುತ್ತದೆ. ಕಾರು ಲಿಫ್ಟ್ ಮೇಲಿದ್ದು ಚಕ್ರ ಜೋತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿದರೆ, ಜೋತ ಸ್ಥಿತಿಯೇ ಆ ರಬ್ಬರಿಗೆ ವಿಶ್ರಾಂತಿಯ ಸ್ಥಿತಿಯಾಗುತ್ತದೆ. ಕೆಳಗಿಳಿಸಿದಾಗ ಅದು ಸದಾ ತಿರುಚಿಕೊಂಡು ಚಕ್ರವನ್ನು ಕೆಳಕ್ಕೆ ಒತ್ತುತ್ತದೆ. ಕಾರು ತುಸು ಎತ್ತರ ನಿಲ್ಲುತ್ತದೆ, ಬುಷ್ ಬೇಗ ಹರಿಯುತ್ತದೆ. ಬೋಲ್ಟನ್ನು ಅರ್ಧ ಬಿಗಿದು, ಚಕ್ರದ ಮೇಲೆ ಭಾರ ಬಿಟ್ಟ ನಂತರವೇ ಕೊನೆಯ ಟಾರ್ಕ್ ಕೊಡಬೇಕು. ಹೊಸ ಆರ್ಮ್ ಎಷ್ಟೇ ಒಳ್ಳೆಯ ತಯಾರಿಕೆಯದಾದರೂ ಈ ಒಂದು ಅವಸರ ಅದನ್ನು ಹಾಳುಮಾಡಬಲ್ಲದು.

ತಿರುವಿನಲ್ಲಿ ಓಲಾಟ ತಡೆಯಲು ಎರಡು ಪಕ್ಕಗಳನ್ನು ಜೋಡಿಸುವ ಆಂಟಿ ರೋಲ್ ಬಾರ್ ಎರಡೂ ಚಕ್ರಗಳನ್ನು ಸಮವಾಗಿ ಎತ್ತುವುದೂ ಇಲ್ಲ, ಇಳಿಸುವುದೂ ಇಲ್ಲ. ಎರಡು ಪಕ್ಕದ ಲಿಂಕ್‌ಗಳ ಉದ್ದ ಬೇರೆಯಾದರೆ ಮಾತ್ರ ಕಾರು ವಾಲಬಹುದು.

ಎತ್ತರದ ಜೊತೆಗೆ ಬದಲಾಗುವವು

ಎತ್ತರ ಬದಲಾದ ಕೂಡಲೇ ಚಕ್ರಗಳ ಟೋ (ಮುಂದಕ್ಕೆ ನೋಡುವ ಕೋನ), ಕ್ಯಾಂಬರ್ (ಪಕ್ಕಕ್ಕೆ ವಾಲುವ ಕೋನ) ಬದಲಾಗುತ್ತವೆ. ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರ್ ಒಂದಂಚಿನಲ್ಲಿ ಸವೆಯುತ್ತದೆ. ಟೈ ರಾಡ್ ಮತ್ತು ಆರ್ಮ್‌ನ ಕೋನಗಳು ಹೊಂದದೆ ಹೋದರೆ ಉಬ್ಬಿನ ಮೇಲೆ ಸ್ಟೀರಿಂಗ್ ತಾನೇ ಎಳೆಯುತ್ತದೆ. ಸ್ಟ್ರಟ್ ಕಾರನ್ನು ಬಹಳ ತಗ್ಗಿಸಿದರೆ ಲೋಯರ್ ಆರ್ಮ್‌ನ ಹೊರತುದಿ ಮೇಲಕ್ಕೇರಿ, ಬಾಡಿ ಯಾವುದರ ಸುತ್ತ ಓಲುತ್ತದೋ ಆ ರೋಲ್ ಸೆಂಟರ್ ಎನ್ನುವ ಬಿಂದು ಬಾಡಿಗಿಂತ ಬೇಗ ಕುಸಿಯುತ್ತದೆ. ಮೂಲ ಗಡಸಿನ ಸ್ಪ್ರಿಂಗೇ ಇದ್ದರೆ ತಗ್ಗಿದ ಕಾರು ತಿರುವಿನಲ್ಲಿ ಹೆಚ್ಚು ಓಲಾಡಬಹುದು. ಮೂತಿ ಎದ್ದ ಕಾರಿನ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಕ್ಯಾಮೆರಾ, ರಾಡಾರ್ ನೆರವಿನಿಂದ ಬ್ರೇಕ್ ಹಾಕುವ ಹೊಸ ಕಾರುಗಳಲ್ಲಿ ಅವುಗಳ ಗುರಿಯನ್ನೂ ಮತ್ತೆ ಹೊಂದಿಸಬೇಕಾಗುತ್ತದೆ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ನೋಂದಣಿಯಲ್ಲಿನ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು. ಸವೆದ ಶಾಕ್‌ಗೆ ಅದೇ ಅಳತೆಯ ಬದಲಿ ಹಾಕುವುದು ದುರಸ್ತಿ. ಬಾಡಿ ಎತ್ತಲೆಂದು ಕಿಟ್ ಹಾಕುವುದು ಬೇರೆ ಮಾತು.

ಅಳೆಯುವ ಬಗೆ

ಹಳೆಯ ಭಾಗ ಬಿಚ್ಚುವ ಮೊದಲೇ ಸಮತಟ್ಟಾದ ನೆಲದಲ್ಲಿ ನಾಲ್ಕೂ ಚಕ್ರಗಳ ಎತ್ತರ ಬರೆದಿಟ್ಟುಕೊಳ್ಳಬೇಕು. ಟೈರ್ ಒತ್ತಡ ಸರಿಯಿರಲಿ, ಸ್ಟೀರಿಂಗ್ ನೇರವಿರಲಿ, ಟ್ಯಾಂಕ್‌ನಲ್ಲಿ ಎಷ್ಟು ಇಂಧನವಿತ್ತೆಂದು ನೆನಪಿರಲಿ. ಕೆಲಸವಾದ ಮೇಲೆ ಜಾಕ್‌ನಿಂದ ಇಳಿಸಿದೊಡನೆ ಅಳೆದರೆ ತಪ್ಪು ಅಂಕಿ ಬರುತ್ತದೆ, ಏಕೆಂದರೆ ಟೈರ್‌ಗಳು ನೆಲ ಕಚ್ಚಿಕೊಂಡು ಬಾಡಿಯನ್ನು ಮೇಲೆಯೇ ಹಿಡಿದಿರುತ್ತವೆ. ಕಾರನ್ನು ಕೆಲವು ಮೀಟರ್ ಹಿಂದೆ ಮುಂದೆ ಉರುಳಿಸಿ, ಬಾನೆಟ್ ಅದುಮಿ ಬಿಟ್ಟು ಆಮೇಲೆ ಟೇಪ್ ಹಿಡಿಯಬೇಕು. ಹೊಸ ಸ್ಪ್ರಿಂಗ್ ಮೊದಲ ಕೆಲವು ನೂರು ಕಿಲೋಮೀಟರ್‌ಗಳಲ್ಲಿ ಒಂದಿಷ್ಟು ಕೂರುವುದರಿಂದ ಆಮೇಲೆ ಇನ್ನೊಮ್ಮೆ ಅಳೆದು, ಅಲೈನ್‌ಮೆಂಟನ್ನೂ ಮತ್ತೆ ನೋಡಿಸುವುದು ಒಳ್ಳೆಯದು.