ಮೊಗವಾಡ ಕಳಚುವವರು ಯಾರು? ‘ಒನಿಬಾಬಾ’ ಮತ್ತು ತುಮಕೂರು ಸೀಮೆಯ ಸೋಮ

ಕನೆಟೊ ಶಿಂಡೊ 1964ರಲ್ಲಿ ನಿರ್ದೇಶಿಸಿದ ‘ಒನಿಬಾಬಾ’ ಚಿತ್ರಕ್ಕೆ ಬೌದ್ಧ ನೀತಿಕಥೆಯೊಂದು ಮೂಲ ಎಂಬುದರಲ್ಲಿ ತಕರಾರಿಲ್ಲ. ಹಿರೋಷಿಮಾದಲ್ಲಿ ಹುಟ್ಟಿದ ಶಿಂಡೊ, ಚಿತ್ರದ ಕೊನೆಯ ವಿಕಾರ ಮುಖಕ್ಕೆ ಅಣುಬಾಂಬ್ ಸಂತ್ರಸ್ತರ ಮುಖಗಳೇ ಮಾದರಿ ಎಂದದ್ದೂ ತಿಳಿದದ್ದೇ. ಕಥೆ ಹದಿನಾಲ್ಕನೇ ಶತಮಾನದ ಅಂತರ್ಯುದ್ಧದ ಕಾಲದ್ದು. ಆಳೆತ್ತರದ ಹುಲ್ಲುಗಾವಲಿನಲ್ಲಿ ಅತ್ತೆ–ಸೊಸೆ ಯೋಧರನ್ನು ಕೊಂದು, ಹೆಣಗಳನ್ನು ಗುಂಡಿಗೆ ತಳ್ಳಿ, ಕವಚ ಮಾರಿ ಹೊಟ್ಟೆ ಹೊರೆಯುತ್ತಾರೆ. ಸೊಸೆ ನೆರೆಯ ಹಾಚಿಗೆ ಒಲಿದಾಗ, ಸತ್ತ ಸಮುರಾಯಿಯ ಮೊಗವಾಡ ತೊಟ್ಟು ಅತ್ತೆ ಅವಳನ್ನು ಹೆದರಿಸುತ್ತಾಳೆ. ಮಳೆಯಲ್ಲಿ ನೆನೆದ ಮೊಗವಾಡ ಮುಖಕ್ಕೇ ಕಚ್ಚಿಕೊಳ್ಳುತ್ತದೆ.

ಇದನ್ನು ಪಾಪಕ್ಕೆ ತಕ್ಕ ಶಿಕ್ಷೆಯೆಂದು ಓದುವ ರೂಢಿಯನ್ನು ಒಪ್ಪಲಾರೆ. ನೀತಿಕಥೆಯ ಸೊಸೆ ಹೋಗುತ್ತಿದ್ದುದು ದೇವಾಲಯಕ್ಕೆ. ಅತ್ತೆ ಬುದ್ಧನಿಗೆ ಮೊರೆಯಿಟ್ಟ ಮೇಲೆ, ಚರ್ಮ ಕಿತ್ತುಬಂದರೂ, ಮೊಗವಾಡ ಕಳಚುತ್ತದೆ. ಶಿಂಡೊ ದೇವಾಲಯವನ್ನೂ ಮೊರೆಯನ್ನೂ ಕೈಬಿಟ್ಟಿದ್ದಾರೆ. ಆ ಜಾಗದಲ್ಲಿರುವುದು ಚೌಕಾಸಿ. ‘ಹಾಚಿಯ ಹತ್ತಿರ ಹೋಗಲು ಅಡ್ಡಿಮಾಡುವುದಿಲ್ಲ’ ಎಂದು ಅತ್ತೆಯಿಂದ ಮಾತು ತೆಗೆದುಕೊಂಡ ಮೇಲಷ್ಟೇ ಸೊಸೆ ಕೈಹಾಕುತ್ತಾಳೆ. ಎಳೆದರೆ ಬಾರದು; ಕೊಡತಿಯೆತ್ತಿ ಬಡಿಯುತ್ತಾಳೆ, ಅತ್ತೆ ಚೀರುತ್ತಾಳೆ, ಮೊಗವಾಡದ ಅಂಚಿನಿಂದ ರಕ್ತ ಇಳಿಯುತ್ತದೆ. ಇಂದಿಗೂ ನೋಡುವವರ ಎದೆ ನಡುಗಿಸುವುದು ಈ ದೃಶ್ಯವೇ.

ಗುಬ್ಬಿ, ಕುಣಿಗಲ್ ಕಡೆಯವರು ಇದನ್ನು ಸೋಮನ ಕುಣಿತದ ಪಕ್ಕದಲ್ಲಿಟ್ಟು ನೋಡಬಹುದು. ಗ್ರಾಮದೇವತೆಯ ಕಾವಲಿನವನಾದ ಸೋಮನದೂ ಉಗ್ರ ಮುಖವೇ: ಕೆಂಪೋ ಕಪ್ಪೋ ಬಳಿದ ಮರದ ಮೋರೆ, ಹೊರಚಾಚಿದ ಕಣ್ಣು. ಆದರೆ ಆ ಮೋರೆಗೆ ಪೂಜೆಯುಂಟು, ಅರೆ–ಮೌರಿಗಳ ಮೇಳವುಂಟು, ತೊಡುವುದಕ್ಕೂ ತೆಗೆಯುವುದಕ್ಕೂ ಕ್ರಮವುಂಟು, ಸುತ್ತ ಊರುಂಟು. ಅತ್ತೆಗೆ ಇವು ಯಾವುವೂ ಇಲ್ಲ. ತಾನು ಹೆದರಿಸಿದವಳ ಮುಂದೆಯೇ ಅವಳು ಕೈಚಾಚಬೇಕು. ಚಿತ್ರದ ಭೀತಿಯ ಬೇರು ಮೊಗವಾಡದಲ್ಲಿಲ್ಲ, ಅದನ್ನು ಕಳಚಿಕೊಡುವ ಸಮುದಾಯ ಯುದ್ಧದಲ್ಲಿ ಅಳಿದುಹೋದದ್ದರಲ್ಲಿದೆ ಎಂಬುದು ನನ್ನ ವಾದ.

ಇದಕ್ಕೆ ಮಿತಿಗಳಿವೆ. ಎರಡು ಪರಂಪರೆಗಳ ನಡುವೆ ಚಾರಿತ್ರಿಕ ನಂಟಿದೆ ಎಂದು ನಾನು ಹೇಳುತ್ತಿಲ್ಲ. ಹೋಲಿಕೆ ಮೊಗವಾಡ ಬಳಕೆಯಾಗುವ ಸಂದರ್ಭಕ್ಕಷ್ಟೇ ಸೀಮಿತ. ಮೊಗವಾಡದಡಿಯಲ್ಲಿ ಸಮುರಾಯಿಯ ಮುಖವೂ ವಿಕಾರವಾಗಿತ್ತೆಂಬುದು ಶಾಪದ ಓದಿಗೆ ಬಲ ಕೊಡುತ್ತದೆ, ಅದನ್ನು ನನ್ನ ವಾದ ಪೂರ್ತಿ ತಳ್ಳಿಹಾಕಲಾರದು. ಅಣುಬಾಂಬಿನ ಓದಿಗಂತೂ ನನ್ನ ವಿರೋಧವಿಲ್ಲ. ಊರಿಗೆ ಊರೇ ಅಳಿಯುವುದು ಎರಡಕ್ಕೂ ಸಮಾನ ನೆಲೆ.

ಕೊನೆಯಲ್ಲಿ ಅತ್ತೆ ‘ನಾನು ಮನುಷ್ಯಳು’ ಎಂದು ಕೂಗುತ್ತ ಗುಂಡಿಯ ಮೇಲೆ ಹಾರುತ್ತಾಳೆ. ಆಚೆ ದಡ ಮುಟ್ಟಿದಳೇ ಎಂಬುದನ್ನು ಚಿತ್ರ ತೋರಿಸುವುದಿಲ್ಲ. ಆ ಕೂಗು ಸೊಸೆಯನ್ನು ತಡೆಯಲಿಕ್ಕೋ, ತನ್ನನ್ನೇ ನಂಬಿಸಿಕೊಳ್ಳಲಿಕ್ಕೋ ಎಂಬುದನ್ನು ಈ ಲೇಖನದ ಆಧಾರಗಳಿಂದ ತೀರ್ಮಾನಿಸಲಾಗದು.